ಐ-45: ಬಂದರಿನಿಂದ ಸ್ಮಶಾನದವರೆಗೆ

ಯುಗಾದಿ ಕಾರ್ಯಕ್ರಮಕ್ಕೋ ನೆಂಟರ ಮನೆಗೋ ಡಲ್ಲಾಸಿನಿಂದ ಹ್ಯೂಸ್ಟನ್ನಿಗೆ ಹೊರಟರೆ ನಮಗೆಲ್ಲ ಐ-45 ಹೆದ್ದಾರಿಯೇ ಗತಿ. ಸುಮಾರು 285 ಮೈಲಿಯ ಈ ರಸ್ತೆ ಹ್ಯೂಸ್ಟನ್ ದಾಟಿ, ಟೆಕ್ಸಸ್ ಸಿಟಿಯ ತೈಲ ಕಾರ್ಖಾನೆಗಳ ಬಳಿ ಹಾದು, ಗ್ಯಾಲ್ವೆಸ್ಟನ್ ಬಂದರಿನಲ್ಲಿ ಮುಗಿಯುತ್ತದೆ.

1865ರ ಜೂನ್ 19ರಂದು ಟೆಕ್ಸಸಿನ ಗುಲಾಮರಿಗೆ ಬಿಡುಗಡೆಯಾಯಿತೆಂದು ಸಾರಿದ್ದು ಆ ಊರಿನಲ್ಲೇ. ಹಾಗೆ ಬಿಡುಗಡೆಯಾದವರು 1869ರಲ್ಲಿ ಡಲ್ಲಾಸಿನಲ್ಲಿ ತಮ್ಮದೇ ಸ್ಮಶಾನ ಮಾಡಿಕೊಂಡರು. 1940ರ ದಶಕದಲ್ಲಿ, ಐ-45ರಿಂದ ಉತ್ತರಕ್ಕೆ ಸಾಗಿದರೆ ಸಿಗುವ ಸೆಂಟ್ರಲ್ ಎಕ್ಸ್‌ಪ್ರೆಸ್‌ವೇ ಆ ಗೋರಿಗಳ ಮೇಲೆಯೇ ಬಂತು. 1990ರ ದಶಕದ ಆರಂಭದಲ್ಲಿ ರಸ್ತೆ ಅಗಲ ಮಾಡುವಾಗ ಸಾವಿರಕ್ಕೂ ಹೆಚ್ಚು ಮಂದಿಯ ಅವಶೇಷಗಳನ್ನು ಹೊರತೆಗೆದು, ಪಕ್ಕದಲ್ಲಿ ಮತ್ತೆ ಮಣ್ಣು ಮಾಡಿದರು.

ಲೆಮನ್ ಅವೆನ್ಯೂ ಬಳಿ ಈಗ ಸ್ಮಾರಕವಿದೆ. ಆ ದಾರಿಯಲ್ಲಿ ದಿನಾ ಓಡಾಡುವ ನಾವು ಒಂದು ಗಳಿಗೆ ಇಳಿದು ನೋಡಬೇಡವೇ?