ನಡುನೋವೂ ನಡೆದಾಟವೂ

ಸೊಂಟ ಹಿಡಿದವನಿಗೆ ಮನೆಯವರು ಹೇಳುವ ಮೊದಲ ಮಾತು, ಅಲುಗಾಡದೆ ಮಲಗು ಎಂಬುದು. ಈ ಮಾತಿಗೆ ಒಂದು ಕಾಲದಲ್ಲಿ ಪಂಡಿತರ ಬೆಂಬಲವೂ ಇದ್ದಿತು. ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಿಲ್ಟನ್ 1863ರಲ್ಲಿ ಪ್ರಕಟಿಸಿದ ಉಪನ್ಯಾಸಗಳಲ್ಲಿ ವಿಶ್ರಾಂತಿಯನ್ನೇ ದೊಡ್ಡ ಚಿಕಿತ್ಸೆಯೆಂದು ಸಾರಿದನು. ಅದಕ್ಕೂ ಅರ್ಧ ಶತಮಾನ ಮೊದಲೇ, 1813ರಲ್ಲಿ, ಸ್ಟಾಕ್‌ಹೋಮಿನಲ್ಲಿ ಲಿಂಗ್ ಎಂಬ ಕತ್ತಿವರಸೆಯ ಗುರುವು ಅಂಗಸಾಧನೆಯ ವಿದ್ಯಾಲಯವನ್ನು ತೆರೆದು, ಚಲನೆಯೂ ಚಿಕಿತ್ಸೆಯೆಂದು ಬೋಧಿಸಿದ್ದನು. ಆದರೂ ಬೆನ್ನಿನ ವಿಷಯದಲ್ಲಿ ಬಹುಕಾಲ ಹಾಸಿಗೆಯೇ ಗೆದ್ದಿತು.

1956ರಲ್ಲಿ ನ್ಯೂಜಿಲೆಂಡಿನ ವೆಲಿಂಗ್ಟನ್ನಿನಲ್ಲಿ ಒಂದು ಆಕಸ್ಮಿಕವು ನಡೆಯಿತು. ರಾಬಿನ್ ಮೆಕೆಂಜಿ ಎಂಬ ವ್ಯಾಯಾಮ ಚಿಕಿತ್ಸಕನ ರೋಗಿಯೊಬ್ಬನು, ತಲೆಯ ಕಡೆ ಎತ್ತರವಾಗಿದ್ದ ಮಂಚದ ಮೇಲೆ ತಿಳಿಯದೆ ಬೋರಲು ಮಲಗಿದನು. ಬೆನ್ನು ಹಿಂದಕ್ಕೆ ಬಾಗಿತು; ಕೆಲವು ನಿಮಿಷಗಳಲ್ಲಿ ಕಾಲಿಗಿಳಿದಿದ್ದ ನೋವು ಅಡಗಿತು. ಆ ತಪ್ಪಿನಿಂದಲೇ ಒಂದು ವ್ಯಾಯಾಮಪದ್ಧತಿ ಬೆಳೆಯಿತು.

1986ರಲ್ಲಿ ಅಮೆರಿಕದ ರಿಚರ್ಡ್ ಡೇಯೋ ಮತ್ತು ಸಂಗಡಿಗರು 203 ರೋಗಿಗಳ ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಏಳು ದಿನದ ಶಯನವನ್ನು ವಿಧಿಸಿದವರಿಗಿಂತ ಎರಡೇ ದಿನ ವಿಧಿಸಿದವರು ಕಳೆದುಕೊಂಡ ಕೆಲಸದ ದಿನಗಳು ಶೇಕಡ 45ರಷ್ಟು ಕಡಮೆ. ದಿನಗೂಲಿಯವನ ಸಂಸಾರಕ್ಕೆ ಇದು ಸಣ್ಣ ಮಾತಲ್ಲ.

ಕಾಲು ಸೋತರೆ, ಮೂತ್ರ ಕಟ್ಟಿದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಸಾಧಾರಣ ನಡುನೋವಿಗಾದರೋ, ಮೆಲ್ಲನೆ ನಡೆಯುವುದೂ ಅಳತೆಯರಿತು ಮೈಯನ್ನು ಚಾಚಿ ಬಾಗಿಸುವುದೂ ಹಿತಕರವೆಂದು ವೈದ್ಯಶಾಸ್ತ್ರವು ಈಗ ಒಪ್ಪಿದೆ.