ಹಿತ್ತಿಲ ಕುಂಬಳವೂ ಬಟ್ಟೆಯ ಗರ್ಭಿಣಿಯೂ

ವೈದ್ಯನ ಕೈ ಪಳಗಬೇಕಾದರೆ ಯಾರ ಮೈಮೇಲಾದರೂ ಮೊದಲ ಬಾರಿ ಶಸ್ತ್ರವಿಡಲೇಬೇಕು. ಆ ಮೊದಲನೆಯ ರೋಗಿ ಯಾರಾಗಬೇಕು? ಸುಶ್ರುತಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯ ಇದಕ್ಕೆ ಕೊಡುವ ಉತ್ತರ ನಮ್ಮ ಹಿತ್ತಿಲಿನಲ್ಲಿಯೇ ಸಿಗುವಂಥದು. ಕೊಯ್ಯುವುದನ್ನು ಕುಂಬಳ, ಸೋರೆ, ಕಲ್ಲಂಗಡಿ, ಸೌತೆಗಳ ಮೇಲೆ ಕಲಿಸಬೇಕು. ಸೀಳುವುದನ್ನು ನೀರು ಕೆಸರು ತುಂಬಿದ ತೊಗಲ ಚೀಲದ ಮೇಲೆ. ಸಿರೆ ಚುಚ್ಚುವುದನ್ನು ಸತ್ತ ಪ್ರಾಣಿಯ ಸಿರೆ ಮತ್ತು ತಾವರೆಯ ದಂಟಿನ ಮೇಲೆ. ಹೊಲಿಗೆಯನ್ನು ಬಟ್ಟೆಯ ಅಂಚು, ಮೆದು ಚರ್ಮಗಳ ಮೇಲೆ. ಪಟ್ಟಿ ಕಟ್ಟಲು ಮನುಷ್ಯಾಕೃತಿಯ ಗೊಂಬೆ. ಹುಳು ತಿಂದ ಮರದಲ್ಲಿ ಶಲಾಕೆಯಾಡಿಸಿ ವ್ರಣದ ಆಳವನ್ನರಿಯುವ ಅಭ್ಯಾಸವೂ ಉಂಟು. ಯಾವ ವಸ್ತು ಬೆರಳಿಗೆ ಯಾವ ಅನುಭವ ಕೊಟ್ಟೀತೆಂಬುದನ್ನು ಇಷ್ಟು ಸೂಕ್ಷ್ಮವಾಗಿ ಬಲ್ಲವರು ಪಾಠ ಹೇಳಿ ನುರಿತವರೇ ಆಗಿರಬೇಕೆಂದು ನಮಗೆ ತೋರುತ್ತದೆ. ಬಹಳ ಓದಿದವನಾದರೂ ಈ ಅಭ್ಯಾಸವಿಲ್ಲದವನು ಚಿಕಿತ್ಸೆಗೆ ಅನರ್ಹನೆಂಬುದು ಆ ಗ್ರಂಥದ ನಿಷ್ಠುರವಾದ ಅಭಿಪ್ರಾಯ.

ಆದರೆ ಇದು ಗುರು ಪಕ್ಕದಲ್ಲಿಯೇ ಇರುವಾಗಿನ ಮಾತು. ಗುರು ಊರು ಬಿಟ್ಟ ಮೇಲೆ ಶಿಷ್ಯರ ಕೈ ತಿದ್ದುವವರಾರು? ಹದಿನೆಂಟನೆಯ ಶತಮಾನದ ಫ್ರಾನ್ಸಿನಲ್ಲಿ ಈ ತೊಡಕಿಗೆ ಪರಿಹಾರ ಹುಡುಕಿದಾಕೆ ಸೂಲಗಿತ್ತಿ ಮದಾಮ್ ದ್ಯು ಕೂದ್ರೇ. ೧೭೫೯ರಲ್ಲಿ ಹದಿನೈದನೆಯ ಲೂಯಿ ದೊರೆಯ ಅಪ್ಪಣೆ ಪಡೆದು ಆಕೆ ಪ್ರಾಂತಪ್ರಾಂತಗಳನ್ನು ಸುತ್ತುತ್ತ ಹಳ್ಳಿಯ ಹೆಂಗಸರಿಗೆ ಪ್ರಸೂತಿವಿದ್ಯೆಯನ್ನು ಕಲಿಸಿದಳು. ಶಿಷ್ಯೆಯರಲ್ಲಿ ಅನೇಕರಿಗೆ ಅಕ್ಷರ ಬಾರದು. ಬಟ್ಟೆ, ಚರ್ಮ, ಹತ್ತಿಗಳಿಂದ ಆಕೆ ಗರ್ಭಿಣಿಯ ಸೊಂಟದ ಭಾಗವನ್ನೂ ಒಂದು ಶಿಶುವನ್ನೂ ನಿರ್ಮಿಸಿದಳು. ಅದಕ್ಕೆ ‘ಯಂತ್ರ’ವೆಂದೇ ಹೆಸರಿಟ್ಟಳು. ಶಿಶು ಅಡ್ಡಲಾಗಿದ್ದರೆ ತಿರುಗಿಸುವುದು ಹೇಗೆಂದು ಅದರ ಮೇಲೆ ಕೈಯಾಡಿಸಿಯೇ ಕಲಿಯಬೇಕು. ಆಕೆಯ ಒಂದು ಯಂತ್ರ ರೂಆನ್ ನಗರದ ವಸ್ತುಸಂಗ್ರಹಾಲಯದಲ್ಲಿ ಉಳಿದುಬಂದಿದೆ.

ನಮ್ಮ ಉಪಾಧ್ಯಾಯ ಬಂಧುಗಳು ಗಮನಿಸಬೇಕಾದ ಸಂಗತಿ ಮುಂದಿನದು. ಎರಡು ತಿಂಗಳ ಪಾಠ ಮುಗಿಸಿ ಹೊರಡುವಾಗ ಆಕೆ ಯಂತ್ರವನ್ನು ಊರಿನಲ್ಲಿ ಬಿಡುವಂತೆ ಏರ್ಪಾಡು ಮಾಡುತ್ತಿದ್ದಳು. ಜೊತೆಗೆ ಅದನ್ನು ಬಳಸಿ ಪಾಠ ಮುಂದುವರಿಸಲು ಸ್ಥಳೀಯ ಶಸ್ತ್ರವೈದ್ಯರನ್ನೂ ತರಬೇತು ಮಾಡುತ್ತಿದ್ದಳು. ಬರಿಯ ಗೊಂಬೆಯನ್ನು ಬಿಟ್ಟು ಹೋಗಿದ್ದರೆ ಅದು ಅಟ್ಟ ಸೇರುತ್ತಿತ್ತು. ನಮ್ಮ ಶಾಲೆಗಳ ಬೀರುಗಳಲ್ಲಿ ಬೀಗದೊಳಗಿರುವ ವಿಜ್ಞಾನ ಸಾಮಗ್ರಿಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

೧೯೬೦ರಲ್ಲಿ ನಾರ್ವೆಯ ಆಟಿಕೆ ತಯಾರಕ ಆಸ್ಮುಂಡ್ ಲೇರ್ಡಾಲ್ ಉಸಿರು ನಿಂತವರಿಗೆ ಉಸಿರೂದುವುದನ್ನು ಕಲಿಸುವ ಗೊಂಬೆಯನ್ನು ಹೊರತಂದನು. ಭಾರತದ ವೈದ್ಯಪದವಿಯ ೨೦೧೯ರ ನಿಯಮಗಳು ಕೌಶಲ ಪ್ರಯೋಗಶಾಲೆಯನ್ನು ಕಡ್ಡಾಯಗೊಳಿಸಿದವು. ೨೦೨೦ರ ಕೋವಿಡ್ ಪಿಡುಗಿನಲ್ಲಿ ಕಾಲೇಜುಗಳು ಮುಚ್ಚಿದಾಗ ಹಲವು ದೇಶಗಳ ವಿದ್ಯಾರ್ಥಿಗಳು ಮನೆಯಲ್ಲಿಯೇ ಹೊಲಿಗೆ ಅಭ್ಯಾಸಮಾಡಿ, ದೂರದ ಅಧ್ಯಾಪಕರಿಗೆ ವೀಡಿಯೊದಲ್ಲಿ ತೋರಿಸಿ ತಿದ್ದಿಸಿಕೊಂಡರು. ಆದರೆ ವೀಡಿಯೊದಲ್ಲಿ ಕೈ ಕಾಣುತ್ತದೆ, ಒತ್ತಡ ಕಾಣುವುದಿಲ್ಲ. ಹೃದಯ ನಿಂತ ವಯಸ್ಕನ ಎದೆಯನ್ನು ಐದರಿಂದ ಆರು ಸೆಂಟಿಮೀಟರಿನಷ್ಟು ಒತ್ತಬೇಕು. ಅದನ್ನು ಅಳೆದು ತಿಳಿಸುವ ಸಾಧನವನ್ನು ಈಗ ಗೊಂಬೆಯೊಳಗೇ ಇಡುತ್ತಾರೆ. ದಾರವನ್ನು ಹೆಚ್ಚು ಬಿಗಿದರೆ ಅಂಚಿನ ಚರ್ಮಕ್ಕೆ ರಕ್ತ ಸಾಲದೆ ಗಾಯ ಮಾಯುವುದಿಲ್ಲ. ಮನೆಯಲ್ಲಿ ಬಟ್ಟೆ ಹೊಲಿದ ಹುಡುಗನಿಗೆ ಆ ಬಟ್ಟೆ ಇದನ್ನು ಹೇಳಲಾರದು.