ಅದೇ ಉದ್ದ, ಅದೇ ಪಿನ್, ಆದರೂ ಕೂರದ ರ‍್ಯಾಮ್

ಪಾಲಾರ್‌ನಲ್ಲಿ ಹಳೆಯ ಬಿಡಿಭಾಗ ಸೇರಿಸಿ ನಾವೇ ಒಂದು ಕಂಪ್ಯೂಟರ್ ಜೋಡಿಸಲು ಹೊರಟೆವು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದ ರ‍್ಯಾಮ್ ಮದರ್‌ಬೋರ್ಡಿನಲ್ಲಿ ಕೂರಲೇ ಇಲ್ಲ. ಬೋರ್ಡು ಡಿಡಿಆರ್2, ತಂದದ್ದು ಡಿಡಿಆರ್3. ಎರಡಕ್ಕೂ 240 ಪಿನ್, ಉದ್ದವೂ ಒಂದೇ. ನಡುವಿನ ಕಚ್ಚು ಮಾತ್ರ ಚೂರು ಜರುಗಿದೆ. ಮತ್ತೆ ಮಹದೇಶ್ವರ ಬೆಟ್ಟ, ಹನೂರು, ಕೊಳ್ಳೇಗಾಲ ದಾಟಿ ಹೋಗಬೇಕು. ಬಸ್ ಚಾರ್ಜು ನೀವೇ ಲೆಕ್ಕ ಹಾಕಿ!

ಆ ಕಚ್ಚಿಗೂ ಚರಿತ್ರೆಯಿದೆ. 1966ರಲ್ಲಿ ಅಮೆರಿಕದ ಐಬಿಎಂ ಕಂಪನಿಯ ರಾಬರ್ಟ್ ಡೆನಾರ್ಡ್, ಒಂದು ಬಿಟ್ ನೆನಪಿಡಲು ಒಂದು ಟ್ರಾನ್ಸಿಸ್ಟರ್, ಒಂದು ಕೆಪಾಸಿಟರ್ ಸಾಕೆಂದು ಕಂಡುಕೊಂಡರು. ಕೆಪಾಸಿಟರ್ ಓಟೆ ಬಿಂದಿಗೆಯಿದ್ದಂತೆ. ಚಾರ್ಜು ಸೋರುತ್ತದೆ, ಸೆಕೆಂಡಿಗೆ ಎಷ್ಟೋ ಸಲ ತುಂಬುತ್ತಿರಬೇಕು. ಅದಕ್ಕೇ ಕರೆಂಟ್ ಹೋದರೆ ಎಲ್ಲ ಮರೆವು. 1970ರಲ್ಲಿ ಬಂದ ಇಂಟೆಲ್ 1103 ಚಿಪ್ ಹಿಡಿದದ್ದು ಬರೀ 1024 ಬಿಟ್.

ಮುಂದೆ ವೇಗ ಏರಿತು, ವೋಲ್ಟೇಜ್ ಇಳಿಯಿತು. ಡಿಡಿಆರ್‌ಗೆ 2.5, ಡಿಡಿಆರ್2ಕ್ಕೆ 1.8, ಡಿಡಿಆರ್3ಕ್ಕೆ 1.5, ಡಿಡಿಆರ್4ಕ್ಕೆ 1.2 ವೋಲ್ಟ್. ಒಂದರ ಜಾಗದಲ್ಲಿ ಇನ್ನೊಂದನ್ನು ತುರುಕಿ ಸುಡಬಾರದೆಂದೇ ಕಚ್ಚು ಜರುಗಿಸಿದ್ದು. ನಮ್ಮನ್ನು ಸತಾಯಿಸಿದ್ದೇ ನಮ್ಮ ಬೋರ್ಡನ್ನು ಉಳಿಸಿತ್ತು.

ದೊಡ್ಡವರೂ ಆಯ್ಕೆಯಲ್ಲಿ ಎಡವಿದ್ದಾರೆ. 2000ದಲ್ಲಿ ಪೆಂಟಿಯಂ 4 ತಂದಾಗ ಇಂಟೆಲ್ ನೆಚ್ಚಿದ್ದು ರ‍್ಯಾಂಬಸ್ ಮೆಮೊರಿಯನ್ನು. ಅದು ದುಬಾರಿ, ಜನ ಅಗ್ಗದ ಡಿಡಿಆರ್ ಹಿಡಿದರು. ಈಗಲೂ ಅಂಥ ಹಳೆ ಬೋರ್ಡು ಅಗ್ಗಕ್ಕೆ ಸಿಕ್ಕರೆ ಕೊಳ್ಳಬೇಡಿ, ರ‍್ಯಾಮ್ ಹುಡುಕಿಯೇ ಸಾಕಾಗುತ್ತದೆ.

ಎರಡನೇ ಸಲ ನಾವು ಬೋರ್ಡನ್ನೇ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಒಯ್ದೆವು. ಅಂಗಡಿಯಲ್ಲೇ ಹಾಕಿ ನೋಡಿದೆವು. ಟಕ್ ಅಂತ ಕೂತಿತು.